ಒಳನೀರು, ಹೊರನೀರು ಮತ್ತು ಅದತ್ತಾದಾನ

ಬಾವಿಯಿಂದ ಸೇದಿದ ನೀರನ್ನು ದಟ್ಟವಾದ ಅರಿವೆಯ ಎರಡು ಪದರಿನಲ್ಲಿ ಗಾಳಿಸಿ, ಅರಿವೆಯ ಮೇಲೆ ಉಳಿದ ಜೀವರಾಶಿಯನ್ನು ಗಾಳಿಸಿದ ನೀರಿನಿಂದಲೇ ತೊಳೆದು, ಆ ಜೀವಾನಿಯನ್ನು ಮರಳಿ ಅದೇ ಬಾವಿಗೆ ಮುಟ್ಟಿಸುವ ಆಚಾರವು ಶ್ರಾವಕರ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಇದರಲ್ಲಿ ಎರಡು ಕಟ್ಟುಗಳಿವೆ. ಜೀವಾನಿಯನ್ನು ಮೇಲಿನಿಂದ ಸುರಿಯಬಾರದು. ತಳದಲ್ಲಿ ಕೊಂಡಿಯಿರುವ ಪಾತ್ರೆಯಲ್ಲಿ ಇಳಿಬಿಟ್ಟು, ಅದು ನೀರು ಮುಟ್ಟಿದ ಮೇಲೆಯೇ ಮಗುಚಬೇಕು. ಹಾಗೆಯೇ ಒಂದು ಬಾವಿಯ ಜೀವಾನಿಯನ್ನು ಇನ್ನೊಂದು ಬಾವಿಗೆ ಹಾಕಬಾರದು. ಒಂದು ನೀರಿನ ಜೀವಿಗೆ ಇನ್ನೊಂದು ನೀರು ಶಸ್ತ್ರವಾಗುತ್ತದೆ. ನನ್ನ ತಾಯಿಯವರು ಬೆಳಗಿನ ಕತ್ತಲೆಯಲ್ಲಿ ಈ ಕೆಲಸವನ್ನು ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಹಗ್ಗ ಸಡಿಲವಾದುದನ್ನು ಬೆರಳಿನಿಂದಲೇ ತಿಳಿದು ಅವರು ಪಾತ್ರೆಯನ್ನು ಮಗುಚುತ್ತಿದ್ದರು. ಆ ಹಗ್ಗ ದಿನಕ್ಕೆ ಎಷ್ಟು ಮೊಳ ಇಳಿಯಿತೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಅಳತೆಯೆಂದು ಯಾರೂ ಅದನ್ನು ಕರೆಯುತ್ತಿರಲಿಲ್ಲ.

ಕೊಳವೆಬಾವಿ ಬಂದ ಮೇಲೆ ಈ ಆಚಾರಕ್ಕೆ ತೊಡಕಾಯಿತು. ಆರೂವರೆ ಇಂಚಿನ ರಂಧ್ರದಲ್ಲಿ ಪೈಪು, ಕೇಬಲ್ಲು, ಅಡಿಯಲ್ಲಿ ಮೋಟಾರು. ಜೀವಾನಿಯನ್ನು ಇಳಿಸುವುದಾದರೂ ಎಲ್ಲಿ? ಆದುದರಿಂದಲೇ ತ್ಯಾಗಿಗಳ ಆಹಾರಕ್ಕೆ ತೆರೆದ ಬಾವಿಯ ನೀರೇ ಬೇಕೆಂದು ಅನೇಕ ಕಡೆ ಇಂದಿಗೂ ಪಾಲಿಸುತ್ತಾರೆ. ಚಾತುರ್ಮಾಸ ಬಂದಾಗ ಟ್ರಸ್ಟಿನವರು ಬಾವಿಯುಳ್ಳ ಮನೆಯನ್ನು ಹುಡುಕುತ್ತ ಓಣಿ ಓಣಿ ತಿರುಗುವುದು ನಮಗೆಲ್ಲ ಪರಿಚಿತ ದೃಶ್ಯ. ಕೊಳವೆಬಾವಿಯ ವಿಷಯದಲ್ಲಿ ನಮ್ಮ ಚರ್ಚೆಯೆಲ್ಲ ಈ ಒಂದು ಅಂಶದ ಸುತ್ತಲೇ ನಿಂತಿದೆ. ತೆಗೆದುಕೊಂಡ ಜೀವವನ್ನು ಮರಳಿಸುವ ಚಿಂತೆ ನಮಗಿದೆ. ತೆಗೆದುಕೊಂಡ ನೀರು ಯಾರದೆಂಬ ಚಿಂತೆಯನ್ನು ನಾವು ಇನ್ನೂ ಮಾಡಿಲ್ಲ. ಈ ಲೇಖನವು ಆ ಎರಡನೆಯ ಚಿಂತೆಯನ್ನು ಕುರಿತದ್ದು.

ನಾನು ಇದನ್ನು ಪರೋಪದೇಶಕ್ಕಾಗಿ ಬರೆಯುತ್ತಿಲ್ಲ. 2003ರ ಬರಗಾಲದ ಬೇಸಗೆಯಲ್ಲಿ ವಿಜಾಪುರ ನಗರದ ಒಂದು ಬಸದಿಯ ಬಾವಿ ತಳ ಕಂಡಿತು. ಅಭಿಷೇಕಕ್ಕೆ ನೀರಿಲ್ಲದಂತಾಗಿ ಟ್ರಸ್ಟಿನವರು ಒಂದೇ ಸಭೆಯಲ್ಲಿ ನಿರ್ಣಯಿಸಿ ಬೋರ್ ಹಾಕಿಸಿದರು. ಆಗ ಕೋಶಾಧ್ಯಕ್ಷನಾಗಿದ್ದ ನಾನೇ ಚೆಕ್ಕಿಗೆ ಸಹಿ ಮಾಡಿದವನು. ನೀರು ಚೆನ್ನಾಗಿ ಬಿದ್ದಿತು, ಪೇಢೆ ಹಂಚಿದೆವು. ಒಂದು ತಿಂಗಳು ಕಳೆಯುವಷ್ಟರಲ್ಲಿ ಹಿಂದಿನ ಓಣಿಯ ಒಬ್ಬ ಅಜ್ಜಿ ಬಸದಿಯ ಬಾಗಿಲಲ್ಲಿ ನಿಂತು, ಒಳಗೆ ಬರದೆ, "ಅಣ್ಣಾರ, ನಿಮ್ಮ ದೇವರಿಗೆ ನೀರು ಬಂತು, ಛಲೋ ಆತು. ನಮ್ಮ ಬಾವಿ ಯಾಕ ಬತ್ತಿತರಿ?" ಎಂದು ಕೇಳಿದರು. ಅವರ ಮಾತಿನಲ್ಲಿ ಜಗಳವಿರಲಿಲ್ಲ, ತಿಳಿದುಕೊಳ್ಳುವ ಇಚ್ಛೆಯಿತ್ತು. ಬರಗಾಲದಿಂದ ಬತ್ತಿರಬೇಕೆಂದು ನಾನು ಹೇಳಿದೆ. ಅದು ನಿಜವೂ ಇರಬಹುದು. ಸುಳ್ಳೂ ಇರಬಹುದು. ಎರಡರಲ್ಲಿ ಯಾವುದೆಂದು ತಿಳಿಯುವ ಸಾಧನವೇ ನನ್ನಲ್ಲಿರಲಿಲ್ಲ. ಅವರ ಬಾವಿಯಲ್ಲಿ ಮೊದಲು ಎಷ್ಟು ನೀರಿತ್ತು, ನಮ್ಮ ಮೋಟಾರು ಓಡಿದ ಮೇಲೆ ಎಷ್ಟು ಇಳಿಯಿತು ಎಂಬುದನ್ನು ಯಾರೂ ಅಳೆದಿರಲಿಲ್ಲ. ತಿಳಿಯದುದನ್ನು ತಿಳಿದವನಂತೆ ಹೇಳಿದೆನೆಂಬುದು ಅಂದಿನಿಂದ ನನ್ನನ್ನು ಕಾಡುತ್ತಿದೆ.

ವಕೀಲ ಮಿತ್ರರೊಬ್ಬರನ್ನು ವಿಚಾರಿಸಿದಾಗ ಅವರು ನಕ್ಕು, 1882ರ ಈಸ್‌ಮೆಂಟ್ ಕಾಯ್ದೆಯನ್ನು ತೋರಿಸಿದರು. ನಿಶ್ಚಿತ ಕಾಲುವೆಯಾಗಿ ಹರಿಯದೆ ನೆಲದೊಳಗೆ ಇರುವ ನೀರನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿ ಬಳಸಿಕೊಳ್ಳುವ ಹಕ್ಕು ಭೂಮಾಲಿಕನಿಗಿದೆ ಎಂದು ಅದರ 7ನೆಯ ಕಲಮಿನ ಉದಾಹರಣೆಗಳಲ್ಲಿ ಹೇಳಿದೆ. ನೆಲ ನಮ್ಮದು, ಆದುದರಿಂದ ನೆಲದ ಕೆಳಗಿನ ನೀರೂ ನಮ್ಮದು. ಮುಂದೆ 2011ರಲ್ಲಿ ಕರ್ನಾಟಕವು ಅಂತರ್ಜಲದ ನಿಯಂತ್ರಣಕ್ಕೆ ಬೇರೆ ಕಾಯ್ದೆ ಮಾಡಿ, ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಲು ಅನುಮತಿ ಬೇಕೆಂದು ವಿಧಿಸಿತು. ಆದರೂ ಜನರ ಮನಸ್ಸಿನಲ್ಲಿ ನೆಲೆಯೂರಿರುವುದು ಹಳೆಯ ಹಕ್ಕೇ.

ಆದರೆ ಎಲ್ಲೆಕಲ್ಲು ನೀರಿಗೆ ಗೊತ್ತಿದೆಯೆ? ನಮ್ಮ ಸೀಮೆಯ ನೆಲ ಲಾವಾರಸ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಕರಿಕಲ್ಲಿನದು. ಮೇಲೆ ಎರೆಮಣ್ಣು, ಅದರ ಕೆಳಗೆ ಶಿಥಿಲವಾದ ಮೊರಡಿ, ಅದರ ಕೆಳಗೆ ಗುಳ್ಳೆಗುಳ್ಳೆಯಾದ ಕಲ್ಲು, ಮತ್ತೆ ಗಟ್ಟಿಬಂಡೆ. ಒಂದು ಲಾವಾ ಪದರಕ್ಕೂ ಇನ್ನೊಂದಕ್ಕೂ ನಡುವೆ ಹಲವೆಡೆ ಕೆಂಪು ಮಣ್ಣಿನ ತೆಳು ಹಾಸು. ಗಟ್ಟಿಬಂಡೆಯಲ್ಲಿ ನೀರಿಲ್ಲ. ಇರುವುದೆಲ್ಲ ಶಿಥಿಲ ಪದರದಲ್ಲಿ, ಗುಳ್ಳೆಗಳಲ್ಲಿ, ಬಿರುಕುಗಳಲ್ಲಿ. ಬಿರುಕು ನಮ್ಮ ಕಂಪೌಂಡಿನ ಗೋಡೆಗೆ ನಿಲ್ಲುವುದಿಲ್ಲ. ಈ ನಗರದ ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಪಡೆದವರೆಲ್ಲರೂ ಬಲ್ಲರು: ಒಂದು ಹೆಡೆಗೆ ಎರೆದ ಹಾಲು ಒಳಗಿನ ದಾರಿಗಳಿಂದ ಉಳಿದ ಹೆಡೆಗಳಿಗೂ ಹರಿಯುವಂತೆ ಆ ಬಿಂಬವನ್ನು ಕಡೆದಿದ್ದಾರೆ. ನೆಲದೊಳಗಿನ ವ್ಯವಸ್ಥೆಯನ್ನು ನನಗೆ ತಿಳಿಸಿಕೊಡಲು ಭೂವಿಜ್ಞಾನಿಗಳ ನಕ್ಷೆಗಿಂತ ಆ ಬಿಂಬವೇ ಹೆಚ್ಚು ಸಹಾಯವಾಯಿತೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಹೊರನೀರಿನ ಮಾತು. ಹಳ್ಳ, ನದಿ, ಕೆರೆಗಳು ಬೇರೆ, ಬಾವಿ ಬೇರೆ ಎಂದು ನಾವು ಎಣಿಸುತ್ತೇವೆ. ಮಳೆ ನಿಂತು ತಿಂಗಳಾದ ಮೇಲೆಯೂ ಹಳ್ಳ ಹರಿಯುತ್ತಿದ್ದರೆ ಆ ನೀರು ಎಲ್ಲಿಂದ ಬಂದೀತು? ಇಕ್ಕೆಲದ ಹೊಲಗಳ ನೆಲದೊಳಗಿನ ಮಟ್ಟವು ಹಳ್ಳದ ಪಾತ್ರಕ್ಕಿಂತ ಎತ್ತರವಾಗಿರುವವರೆಗೆ ಒಳನೀರು ಸೋಸಿ ಸೋಸಿ ಹಳ್ಳಕ್ಕೆ ಇಳಿಯುತ್ತದೆ. ಮಟ್ಟ ಪಾತ್ರಕ್ಕಿಂತ ಕೆಳಗಾದ ದಿನ ವ್ಯವಹಾರ ತಿರುವುಮುರುವಾಗುತ್ತದೆ. ಆಗ ಹಳ್ಳವೇ ನೆಲಕ್ಕೆ ನೀರು ಕೊಡತೊಡಗುತ್ತದೆ, ಕೊಟ್ಟು ಕೊಟ್ಟು ತಾನು ಬತ್ತುತ್ತದೆ. ದೀಪಾವಳಿ ದಾಟಿ ಬಹುದಿನ ಹರಿಯುತ್ತಿದ್ದ ಹಳ್ಳಗಳು ಈಗ ಮಳೆ ನಿಂತ ವಾರಕ್ಕೇ ನಿಲ್ಲುತ್ತವೆಯೆಂದು ಟಿಕೋಟಾ, ಬಬಲೇಶ್ವರ ಕಡೆಯ ಹಿರಿಯರು ಹೇಳುತ್ತಾರೆ. ಮಳೆ ಕಡಿಮೆಯಾಯಿತೆಂದು ಅವರು ಕಾರಣ ಕೊಡುವರು. ಹಳ್ಳದ ಎರಡೂ ದಂಡೆಯಲ್ಲಿ ಸಾಲಾಗಿ ನಿಂತ ಕೊಳವೆಬಾವಿಗಳು ಹಳ್ಳದ ನೀರನ್ನು ಹಳ್ಳ ಮುಟ್ಟುವ ಮೊದಲೇ ತೆಗೆದುಕೊಂಡಿರುವುದು ಅವರ ಲೆಕ್ಕಕ್ಕೆ ಬರುವುದಿಲ್ಲ. ಹಳ್ಳಕ್ಕೆ ಕೈ ಹಾಕದೆಯೇ ಹಳ್ಳವನ್ನು ಬರಿದು ಮಾಡಬಹುದೆಂಬುದು ಮೊದಲು ಕೇಳಿದಾಗ ನನಗೂ ನಂಬಿಕೆಯಾಗಲಿಲ್ಲ.

ಡೋಣಿ ನದಿಯು ಇದಕ್ಕೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಜತ್ತ ಸೀಮೆಯಲ್ಲಿ ಹುಟ್ಟಿ, ಸಾರವಾಡದ ಹತ್ತಿರ ಹಾದು, ಮುಂದೆ ಕೃಷ್ಣೆಯನ್ನು ಸೇರುವ ಈ ನದಿಯ ದಂಡೆಯ ಎರೆ ಎಷ್ಟು ಫಲವತ್ತೆಂದರೆ, ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆಯೇ ಇದೆ. ಆದರೆ ನೀರು ಉಪ್ಪು. ಎರೆಯ ಒಳಗಿನ ಲವಣವು ಒಳನೀರಿನ ಮೂಲಕ ನದಿಗಿಳಿಯುತ್ತದೆ. ನೆಲ ನುಂಗಿದುದನ್ನು ನದಿ ಉಗುಳುತ್ತದೆ. ಆದ್ದರಿಂದ ಇಂಗಿಸಿದ ನೀರೆಲ್ಲ ಸಿಹಿಯಾಗಿಯೇ ಮರಳುವುದೆಂದು ಭಾವಿಸುವುದೂ ತಪ್ಪು. ನೆಲದೊಳಗೆ ಏನಿದೆಯೆಂದು ನೋಡದೆ ಮಾಡುವ ಉಪಕಾರವೂ ಕೆಲವೊಮ್ಮೆ ಅಪಕಾರವಾದೀತು.

ವ್ಯಾಪಾರಿಯಾದ ನನಗೆ ಎಲ್ಲಕ್ಕಿಂತ ಅಚ್ಚರಿ ತಂದುದು ಸರಕಾರಗಳ ಲೆಕ್ಕದ ಪದ್ಧತಿ. ಕೃಷ್ಣಾ ನದಿಯ ನೀರನ್ನು ಮೂರು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಾಧಿಕರಣವು 1973ರಲ್ಲಿ ತೀರ್ಪನ್ನೂ 1976ರಲ್ಲಿ ಅಂತಿಮ ಆದೇಶವನ್ನೂ ನೀಡಿತು. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಎಂದು ಒಂದೊಂದು ಟಿಎಂಸಿಗೂ ವಾದ ನಡೆಯಿತು. ಅದೇ ಆದೇಶದಲ್ಲಿ ಇನ್ನೊಂದು ಮಾತಿದೆ: ಕಣಿವೆಯೊಳಗಿನ ಭೂಗತ ನೀರನ್ನು ಆಯಾ ರಾಜ್ಯಗಳು ಸ್ವತಂತ್ರವಾಗಿ ಬಳಸಬಹುದು, ಆ ಬಳಕೆಯನ್ನು ಕೃಷ್ಣಾ ನದಿಯ ನೀರಿನ ಬಳಕೆಯೆಂದು ಎಣಿಸತಕ್ಕದ್ದಲ್ಲ. ನ್ಯಾಯಮೂರ್ತಿಗಳಿಗೆ ಆಗ ಬೇರೆ ದಾರಿ ಇದ್ದಿರಲಿಕ್ಕಿಲ್ಲ. ಲಕ್ಷಾಂತರ ಬಾವಿಗಳನ್ನು ಅಳೆಯುವರಾರು? ಆದರೆ ಕಿರ್ದಿ ಬರೆದ ಯಾರಿಗಾದರೂ ಇಲ್ಲಿಯ ದೋಷ ಕಾಣುತ್ತದೆ. ಬ್ಯಾಂಕಿನಿಂದ ತೆಗೆದ ಹಣವನ್ನು ನಗದಿನ ಕಡೆಗೆ ಜಮಾ ಮಾಡಿದಾಗ ಬ್ಯಾಂಕಿನ ಕಡೆಗೆ ಖರ್ಚು ಬರೆಯಲೇಬೇಕು. ಅದಕ್ಕೇ ಕಾಂಟ್ರಾ ನಮೂದು ಎನ್ನುವುದು. ಬರೆಯದಿದ್ದರೆ ಒಂದೇ ಸಾವಿರ ರೂಪಾಯಿ ಎರಡು ಸಾವಿರವಾಗಿ ಕಾಣಿಸುತ್ತದೆ, ಅಂಗಡಿ ಲಾಭದಲ್ಲಿದೆಯೆಂಬ ಭ್ರಮೆಯಲ್ಲಿಯೇ ದಿವಾಳಿಯಾಗುತ್ತದೆ. ಮಾಗಿಯಲ್ಲಿ ನದಿಯಾಗಿ ಹರಿಯಬೇಕಾದ ನೀರನ್ನು ಬಾವಿಯ ಖಾತೆಯಲ್ಲಿ ಒಮ್ಮೆ, ನದಿಯ ಖಾತೆಯಲ್ಲಿ ಇನ್ನೊಮ್ಮೆ ಆಸ್ತಿಯೆಂದು ತೋರಿಸುವುದು ಇದೇ ಬಗೆಯದು.

ಅಳೆಯುವವರು ಇಲ್ಲವೆಂದಲ್ಲ. 1945ರಲ್ಲಿ ಆರಂಭವಾದ ಸಂಸ್ಥೆಯೊಂದು ಇಂದಿನ ಕೇಂದ್ರೀಯ ಜಲ ಆಯೋಗವಾಗಿ ನದಿಗಳ ಮಟ್ಟವನ್ನೂ ಹರಿವನ್ನೂ ಅಳೆಯುತ್ತದೆ. ಕೇಂದ್ರೀಯ ಅಂತರ್ಜಲ ಮಂಡಳಿಯು ದೇಶದಾದ್ಯಂತ ಗೊತ್ತುಪಡಿಸಿದ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ, ಅಂದರೆ ಜನವರಿ, ಮುಂಗಾರಿನ ಮೊದಲು, ಆಗಸ್ಟ್ ಮತ್ತು ನವೆಂಬರಿನಲ್ಲಿ ನೋಡುತ್ತದೆ. ರಾಜ್ಯದ ಅಂತರ್ಜಲ ಇಲಾಖೆಗೂ ತನ್ನ ವೀಕ್ಷಣಾ ಬಾವಿಗಳಿವೆ. ಕ್ರಮ ಸರಳ. ಬಾವಿಯ ಕಟ್ಟೆಯ ಮೇಲೆ ಒಂದು ಗುರುತು ಮಾಡಿ, ಅಲ್ಲಿಂದ ಟೇಪು ಇಳಿಸಿ, ನೀರಿನವರೆಗಿನ ಆಳದಿಂದ ಕಟ್ಟೆಯ ಎತ್ತರವನ್ನು ಕಳೆಯುವುದು. ಈಚೆಗೆ ಕೆಲವು ಕಿರುಕೊಳವೆಗಳಲ್ಲಿ ತಾನಾಗಿಯೇ ಹಗಲಿರುಳು ಮಟ್ಟವನ್ನು ಬರೆದಿಡುವ ಉಪಕರಣಗಳನ್ನೂ ಇಳಿಸಿದ್ದಾರೆ. ಮೇ ತಿಂಗಳ ಆಳಕ್ಕೂ ನವೆಂಬರಿನ ಆಳಕ್ಕೂ ಇರುವ ಅಂತರವೇ ಆ ವರ್ಷದ ಆದಾಯ. ಸಹಜವಾಗಿ ಹಳ್ಳಕೊಳ್ಳಗಳಿಗೆ ಹೊರಹರಿಯಲೆಂದು ಅದರಲ್ಲಿ ಶೇಕಡಾ 5ರಿಂದ 10ರಷ್ಟನ್ನು ಬಿಟ್ಟು, ಉಳಿದುದರಲ್ಲಿ ಶೇಕಡಾ 70ಕ್ಕೆ ಮೀರದೆ ಎತ್ತಿದರೆ ಸುರಕ್ಷಿತ, 90ರವರೆಗೆ ಅರೆಸಂಕಷ್ಟ, 100ರವರೆಗೆ ಸಂಕಷ್ಟ, ಅದನ್ನೂ ಮೀರಿದರೆ ಅತಿಬಳಕೆ ಎಂದು ತಾಲೂಕುಗಳನ್ನು ವಿಂಗಡಿಸುತ್ತಾರೆ. ನೂರು ರೂಪಾಯಿ ಬಂದಲ್ಲಿ ನದಿಗೆ ಐದೋ ಹತ್ತೋ ಬಿಟ್ಟರೆ ಸಾಕೆಂಬ ಈ ಧಾರಾಳತನ ನನಗೆ ಅಷ್ಟೇನೂ ಒಪ್ಪಿಗೆಯಾಗಿಲ್ಲ. ಆದರೆ ನದಿಗೂ ಒಂದು ಪಾಲಿದೆಯೆಂದು ಬರೆದುದೇ ದೊಡ್ಡದು.

ಮನೆಯ ಮಟ್ಟದಲ್ಲಿ ಒಂದು ಲೆಕ್ಕ ಹಾಕೋಣ. ನಮ್ಮಲ್ಲಿ ವರ್ಷದ ಮಳೆಯನ್ನು 580 ಮಿ.ಮೀ. ಎಂದು ಹಿಡಿದರೆ ಒಂದು ಎಕರೆಯ ಮೇಲೆ 23 ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಶಿಥಿಲವಾದ ಕರಿಕಲ್ಲಿನ ನೆಲದಲ್ಲಿ ಇಂಗುವುದು ಸುಮಾರು ಶೇಕಡಾ 7 ಎಂದು ಅಂದಾಜಿನ ಸೂತ್ರಗಳು ಹೇಳುತ್ತವೆ. ಅದು ಒಂದು ಲಕ್ಷ 64 ಸಾವಿರ ಲೀಟರು. ಗಂಟೆಗೆ 5 ಸಾವಿರ ಲೀಟರು ಎತ್ತುವ ಸಾಧಾರಣ ಬೋರು ದಿನಕ್ಕೆ ಆರು ತಾಸು ಓಡಿದರೆ ಆರನೆಯ ದಿನ ಮುಗಿಯುವುದರೊಳಗೆ ಒಂದು ಎಕರೆಯ ವರ್ಷದ ಗಳಿಕೆ ತೀರುತ್ತದೆ. ಹತ್ತು ಎಕರೆಯವನಿಗೆ ಎರಡು ತಿಂಗಳೂ ಬಾರದು. ಏಳನೆಯ ದಿನದ ನೀರು ಯಾರದು? ನೆರೆಯವನದು, ಅಥವಾ ಹಳ್ಳದ್ದು, ಅಥವಾ ಹಿಂದಿನ ಮಳೆಗಾಲಗಳ ಉಳಿತಾಯ, ಅಂದರೆ ಮುಂದಿನವರದು. ಈ ಲೆಕ್ಕ ಒರಟಾದುದು, ಒಪ್ಪುತ್ತೇನೆ. ಹೊಲಕ್ಕೆ ಹಾಯಿಸಿದುದರಲ್ಲಿ ಸ್ವಲ್ಪ ಮರಳಿ ಇಂಗುತ್ತದೆ, ಹತ್ತಿರ ಕೆರೆಯಿದ್ದರೆ ಅದರ ಪಾಲೂ ಸೇರುತ್ತದೆ. ಆದರೂ ಬೋರು ನನ್ನ ನೆಲದ ನೀರನ್ನಷ್ಟೇ ಎತ್ತುತ್ತದೆಂಬ ಸಮಾಧಾನವನ್ನು ಈ ಅಂಕೆಗಳ ಮುಂದೆ ಇಟ್ಟುಕೊಳ್ಳುವುದು ಕಷ್ಟ.

ಇಲ್ಲಿ ಶಾಸ್ತ್ರಜ್ಞರು ಒಂದು ಆಕ್ಷೇಪವನ್ನು ತೆಗೆಯಬಹುದು, ಮತ್ತು ಅದು ಬಲವಾದುದು. ಪಂಡಿತ ದೌಲತರಾಮರ ಛಹಢಾಲಾ ಗ್ರಂಥವನ್ನು ನಿತ್ಯ ಪಾಠ ಮಾಡುವವರಿಗೆ ತಿಳಿದಿರುವಂತೆ, ಅಣುವ್ರತಿಯಾದ ಶ್ರಾವಕನು ಕೊಡದಿರುವ ಯಾವ ವಸ್ತುವನ್ನೂ ತೆಗೆದುಕೊಳ್ಳಬಾರದೆಂದು ವಿಧಿಸುವಾಗಲೇ ನೀರು ಮತ್ತು ಮಣ್ಣುಗಳನ್ನು ಹೊರತುಪಡಿಸಿದ್ದಾರೆ. ನೀರಿಗೆ ಅಚೌರ್ಯಾಣುವ್ರತ ತಗಲುವುದೇ ಇಲ್ಲವೆಂದ ಮೇಲೆ ಈ ಚರ್ಚೆಯೇಕೆ?

ಹೊರತುಪಡಿಸಿದ್ದೇಕೆ ಎಂದು ನೋಡಬೇಕು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಒಂದು ಶಂಕೆಯನ್ನೆತ್ತಿ ಸಮಾಧಾನ ಕೊಟ್ಟಿದ್ದಾರೆ. ಭಿಕ್ಷುವು ಊರಿನ ಬೀದಿಯಲ್ಲಿ ನಡೆದರೆ, ಬಾಗಿಲನ್ನು ಪ್ರವೇಶಿಸಿದರೆ, ಯಾರೂ ಕೊಡದುದನ್ನು ತೆಗೆದುಕೊಂಡಂತಾಗದೆ? ಆಗುವುದಿಲ್ಲ, ಏಕೆಂದರೆ ಅವು ಎಲ್ಲರಿಗೂ ತೆರೆದಿಟ್ಟವು. ತೆರೆದಿಡದ, ಮುಚ್ಚಿದ ಬಾಗಿಲನ್ನು ಭಿಕ್ಷುವು ಪ್ರವೇಶಿಸುವುದಿಲ್ಲ. ಹಾಗಾದರೆ ನೀರಿನ ವಿನಾಯಿತಿಯ ಆಧಾರವೂ ಇದೇ ಎಂದು ನನ್ನ ಅಲ್ಪಮತಿಗೆ ತೋರುತ್ತದೆ. ನಾನೊಂದು ಕೊಡ ತುಂಬಿಕೊಂಡರೆ ಹಿಂದೆ ನಿಂತವನಿಗೆ ಕಡಿಮೆಯಾಗದ ನೀರು, ಬೀದಿಯಂತೆ, ಎಲ್ಲರಿಗೂ ತೆರೆದದ್ದು. ಹಗ್ಗದಿಂದ ಸೇದುವ ಕಾಲದಲ್ಲಿ ನೀರೆಲ್ಲ ಹೆಚ್ಚುಕಡಿಮೆ ಇಂಥದೇ ಆಗಿತ್ತು. ಐದುನೂರು ಅಡಿಯ ಕೊಳವೆಯು ನೆರೆಮನೆಯ ಬಾವಿಯ ನೀರನ್ನು ಅಡಿಯಿಂದ ಎಳೆದಾಗ ಅದು ಬೀದಿಯಲ್ಲಿ ನಡೆದಂತಲ್ಲ; ಮುಚ್ಚಿದ ಬಾಗಿಲನ್ನು ನೆಲದೊಳಗಿನಿಂದ ಹೊಕ್ಕಂತೆ. ಕಾರಣ ಹೋದ ಮೇಲೆ ವಿನಾಯಿತಿ ನಿಲ್ಲುವುದು ಹೇಗೆ? ತಿಳಿದವರು ಇದನ್ನು ತಿದ್ದಿದರೆ ಕೃತಜ್ಞನಾಗುವೆ.

ತಿಳಿಯದೆ ಆದದ್ದು ಕಳವೆ ಎಂಬುದು ಇನ್ನೊಂದು ಪ್ರಶ್ನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣಕ್ಕೆ ಪ್ರಮತ್ತಯೋಗವನ್ನು ಸೇರಿಸಿದ್ದಾರೆ, ಅದು ಸ್ತೇಯಕ್ಕೂ ಅನ್ವಯಿಸುತ್ತದೆ. ಪ್ರಮಾದವಿಲ್ಲದಿದ್ದಲ್ಲಿ ದೋಷವಿಲ್ಲ. ಆದರೆ ಅಳೆಯಲು ಸಾಧ್ಯವಿದ್ದೂ ಅಳೆಯದಿರುವುದನ್ನು ಏನೆನ್ನಬೇಕು? ಈರ್ಯಾಸಮಿತಿಯಲ್ಲಿ ನಾಲ್ಕು ಮೊಳ ನೆಲವನ್ನು ನೋಡಿ ನಡೆಯುವ ವಿಧಿಯಿದೆ. ಕಣ್ಣು ಮುಚ್ಚಿ ನಡೆದವನು ಕ್ರಿಮಿ ಕಾಣಲಿಲ್ಲವೆಂದು ಹೇಳಿ ಪಾರಾಗಲಾರ. ಅಚೌರ್ಯದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ, ಅಂದರೆ ತೂಕ-ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಂದೆಂದು ಎಣಿಸಿದ್ದಾರೆ. ಕಡಿಮೆ ಅಳೆದು ಕೊಡುವ ವ್ಯಾಪಾರಿಗೆ ಅತಿಚಾರ. ಅಳೆಯದೆಯೇ ತೆಗೆದುಕೊಳ್ಳುವವನಿಗೆ ಬೇರೆ ನ್ಯಾಯವೆ?

ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳನ್ನು ಹೇಳುವಾಗ ಸರೋವರ, ಹ್ರದ, ತಟಾಕಗಳನ್ನು ಬತ್ತಿಸುವುದನ್ನು ಒಂದು ಬೇರೆ ಬಾಬ್ತಾಗಿಯೇ ಸೇರಿಸಿದೆ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿಯೂ ಇದನ್ನು ಎತ್ತಿದ್ದಾರೆ. ಕೆರೆಯನ್ನು ಕಾಲುವೆ ತೋಡಿ ಬತ್ತಿಸಬಹುದು, ಸುತ್ತಲಿನ ಒಳನೀರನ್ನು ಎತ್ತಿಯೂ ಬತ್ತಿಸಬಹುದು. ನಮ್ಮ ಹಿರಿಯರಿಗೆ ಭೂಜಲಶಾಸ್ತ್ರ ತಿಳಿದಿತ್ತೆಂದು ನಾನು ಹೇಳಹೊರಟಿಲ್ಲ. ಅಂಥ ಹೆಮ್ಮೆಯ ಲೇಖನಗಳು ನಮ್ಮಲ್ಲಿ ಸಾಕಷ್ಟು ಬಂದಿವೆ. ಫಲವನ್ನು ಕಂಡು ಅವರು ನಿಷೇಧಿಸಿದರು; ದಾರಿ ಬದಲಾದರೆ ಫಲ ಬದಲಾಗುವುದಿಲ್ಲ.

ಯಂತ್ರವೇ ಮಿತಿಯನ್ನು ಹೇಳುತ್ತಿದ್ದ ಕಾಲವೊಂದಿತ್ತು. ಆದಿಲಶಾಹಿಯವರು ತೊರವಿಯಿಂದ ನಗರಕ್ಕೆ ನೆಲದೊಳಗಿನ ಸುರಂಗದಲ್ಲಿ ನೀರು ತಂದರು. ಸಾಲು ಬಾವಿಗಳನ್ನು ಅಡಿಯಲ್ಲಿ ಜೋಡಿಸಿದ ಈ ಕರೇಜಿನಲ್ಲಿ ನೀರು ಇಳಿಜಾರಿನಿಂದಲೇ ಹರಿಯುತ್ತದೆ. ಒಳನೀರಿನ ಮಟ್ಟ ಸುರಂಗಕ್ಕಿಂತ ಕೆಳಗಾದರೆ ಹರಿವು ತಾನಾಗಿ ನಿಲ್ಲುತ್ತದೆ; ಬಾದಶಹನ ಹುಕುಮಿನಿಂದಲೂ ಒಂದು ತೊಟ್ಟು ಹೆಚ್ಚು ಬರುವುದಿಲ್ಲ. 1620ರ ತಾಜ್ ಬಾವಡಿಯಾಗಲಿ, 1651ರ ಬೇಗಂ ತಾಲಾಬವಾಗಲಿ ಕಣ್ಣೆದುರಿನ ಅಳತೆಗೋಲುಗಳೇ ಆಗಿದ್ದವು; ಮೆಟ್ಟಿಲು ಎಷ್ಟು ಕಂಡವೆಂದು ಊರಿಗೆಲ್ಲ ಗೊತ್ತು. ಸಬ್‌ಮರ್ಸಿಬಲ್ ಮೋಟಾರು ಹಾಗಲ್ಲ. ಮಟ್ಟ ನೂರು ಅಡಿ ಕೆಳಗಿಳಿದರೂ ನಲ್ಲಿಯಲ್ಲಿ ಅದೇ ಧಾರೆ, ಕೊನೆಯ ದಿನದವರೆಗೂ.

2018ರಲ್ಲಿ ತಾಲೂಕುಗಳಾದ ಟಿಕೋಟಾ ಮತ್ತು ಬಬಲೇಶ್ವರಗಳಲ್ಲಿ ಈಗ ಬೇರೊಂದು ಗಾಳಿ ಬೀಸಿದೆ. ಕೃಷ್ಣೆಯ ನೀರನ್ನು ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ಎತ್ತಿ ಕೆರೆಗಳನ್ನು ತುಂಬುತ್ತಿದ್ದಾರೆ; ಆದಿಲಶಾಹಿ ಕಾಲದ ಮಮದಾಪುರದ ದೊಡ್ಡ ಕೆರೆಯೂ ಅದರಲ್ಲಿ ಸೇರಿದೆ. ಕೆರೆ ತುಂಬಿದಲ್ಲೆಲ್ಲ ಸುತ್ತಲಿನ ಬಾವಿ ಏರುವುದನ್ನು ರೈತರು ಕಣ್ಣಾರೆ ಕಂಡಿದ್ದಾರೆ. ಬೇಸಗೆಯಲ್ಲಿ ಟ್ಯಾಂಕರು ನೀರು ಕೊಂಡು ದ್ರಾಕ್ಷಿಬಳ್ಳಿ ಉಳಿಸಿಕೊಂಡ ಟಿಕೋಟಾದ ಕುಟುಂಬಗಳ ಸಂಕಟವನ್ನು ಬಲ್ಲವರು ಇದನ್ನು ಹಗುರವಾಗಿ ಮಾತನಾಡಲಾರರು. ಆದರೂ ಏರಿದ ಬಾವಿಯ ಪಕ್ಕದಲ್ಲಿ ಮರುವರ್ಷ ಕಬ್ಬು ಕಾಣಿಸಿಕೊಂಡರೆ, ಎತ್ತಿ ತಂದ ಹೊರನೀರು ಒಳನೀರಾಗಿ ಮತ್ತೆ ಎತ್ತಲ್ಪಟ್ಟು ಎರಡು ಸಲ ಕರೆಂಟು ತಿಂದಿತೆಂದಷ್ಟೇ ಲೆಕ್ಕ. ನೀರು ಸಿಗದೆ ಬಾಯಿ ತೆರೆದು ಬಿಟ್ಟ ಬೋರುಗಳ ಹಿಂಸೆ ಬೇರೆ. 2024ರ ಏಪ್ರಿಲಿನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಗೆ ಬಿದ್ದ ಎರಡು ವರ್ಷದ ಕೂಸನ್ನು ಸುಮಾರು 20 ತಾಸಿನ ಪ್ರಯತ್ನದಿಂದ ಜೀವಂತ ಹೊರತೆಗೆದರು. ಆ ರಾತ್ರಿ ಈ ಜಿಲ್ಲೆಯಲ್ಲಿ ನಿದ್ರಿಸಿದವರು ಕಡಿಮೆ.

ನಮ್ಮ ಟ್ರಸ್ಟಿನ ಮುಂದೆ ಈಗ ಯಾತ್ರಿನಿವಾಸಕ್ಕಾಗಿ ಎರಡನೆಯ ಬೋರಿನ ಠರಾವು ಬಂದಿದೆ. ಒಂದು ವರ್ಷ ಅದನ್ನು ತಡೆಹಿಡಿದು ಮೊದಲು ಅಳೆಯೋಣವೆಂದು ನಾನು ಸೂಚಿಸಿದೆ. ತರುಣ ಸದಸ್ಯರು ನಕ್ಕರು. ಒಬ್ಬಿಬ್ಬರು ಹಿರಿಯರು, ಧರ್ಮಕಾರ್ಯಕ್ಕೆ ತೆಗೆದ ನೀರಿಗೂ ಲೆಕ್ಕವೇ ಎಂದು ಮುನಿದರು. ಧರ್ಮಕಾರ್ಯದ ಹಣಕ್ಕೆ ನಾವು ಪೈಸೆ ಪೈಸೆಯ ಲೆಕ್ಕವಿಡುತ್ತೇವಲ್ಲ ಎಂದೆ. ಕೊನೆಗೆ ಇಷ್ಟು ಒಪ್ಪಿಗೆಯಾಯಿತು: ಹಳೆಯ ಬಾವಿಯ ಹೂಳು ತೆಗೆಸುವುದು, ಎರಡು ಸಾವಿರ ಚದರಡಿಯ ಮಾಳಿಗೆಯ ಮಳೆನೀರನ್ನು ಜಲ್ಲಿ-ಉಸುಕಿನಲ್ಲಿ ಸೋಸಿ ಪಕ್ಕದ ಇಂಗುಗುಂಡಿಗೆ ಬಿಡುವುದು, ಇದರಿಂದ ವರ್ಷಕ್ಕೆ 80 ಸಾವಿರ ಲೀಟರಿನಷ್ಟಾದರೂ ಸಿಗಬೇಕು, ಪ್ರತಿ ಅಷ್ಟಮಿ-ಚತುರ್ದಶಿಯಂದು ಬಾವಿಯ ಮಟ್ಟವನ್ನೂ ಮೋಟಾರು ಓಡಿದ ತಾಸುಗಳನ್ನೂ ಜಮಾಖರ್ಚಿನ ಪುಸ್ತಕದ ಬಲಪುಟದಲ್ಲಿ ಬರೆಯುವುದು. ಉಪವಾಸದ ತಿಥಿಗಳಾದ್ದರಿಂದ ಮರೆಯುವ ಭಯವಿಲ್ಲ. ಸುತ್ತಲಿನ ಓಣಿಯಲ್ಲಿ ಉಳಿದಿರುವ ಮೂರು ಬಾವಿಗಳ ಮನೆಯವರೂ ಅಳೆಯಲು ಒಪ್ಪಿದ್ದಾರೆ. ಅವರಲ್ಲಿ ಇಬ್ಬರು ನಮ್ಮ ಸಮಾಜದವರಲ್ಲ. ನಮ್ಮ ಮೋಟಾರು ಓಡಿದ ದಿನ ಅವರ ಬಾವಿಯಲ್ಲಿ ಏನಾಗುತ್ತದೆಂದು ಇನ್ನು ಊಹಿಸಬೇಕಾಗಿಲ್ಲ.

ಅಂದು ಪ್ರಶ್ನೆ ಕೇಳಿದ ಅಜ್ಜಿಯ ಬಾವಿಯನ್ನೂ ಇದರಲ್ಲಿ ಸೇರಿಸಬೇಕೆಂದು ಹೋಗಿದ್ದೆ. ಅವರು ತೀರಿಹೋಗಿ ಬಹಳ ವರ್ಷಗಳಾದವಂತೆ. ಬಾವಿಯನ್ನು ಮೊಮ್ಮಕ್ಕಳು ಮಣ್ಣು ತುಂಬಿ ಮುಚ್ಚಿ, ಅದರ ಮೇಲೆ ಒಂದು ಖೋಲಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ.